ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ: ನಾಲ್ಕು ತಾಲ್ಲೂಕುಗಳ ಯಾತ್ರಿಕ ಮಾಹಿತಿಯ ಒಂದು ಸಮೀಕ್ಷೆ

ಮೊಬೈಲ್ ಕೈಯಲ್ಲಿರುವಾಗ ಯಾತ್ರಿಕನಿಗೆ ಮಾಹಿತಿ ಕೇಂದ್ರವೇತಕ್ಕೆ ಎಂಬ ಮಾತು ಈಚೆಗೆ ಸಿದ್ಧಾಂತದಂತೆ ಚಲಾವಣೆಗೆ ಬಂದಿದೆ. ಮೊಬೈಲು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ದಾರಿಯನ್ನೇನೋ ತೋರಿಸೀತು. 1171ರಲ್ಲಿ ನಿರ್ಮಿತವಾದ ಅಲ್ಲಿನ ಬ್ರಹ್ಮೇಶ್ವರ ದೇವಾಲಯದ ಬೀಗದ ಕೈ ಇಂದು ಯಾರ ಮನೆಯಲ್ಲಿದೆ, ಅಲ್ಲಿಂದ ಗೋವಿಂದನಹಳ್ಳಿಗೆ ಮಧ್ಯಾಹ್ನದ ಬಸ್ಸುಂಟೆ ಎಂಬುದನ್ನು ಊರಿನವರೇ ಹೇಳಬೇಕು.

ಹಿಂದೆ ಈ ಕಾರ್ಯವನ್ನು ಛತ್ರ, ಅರವಟ್ಟಿಗೆಗಳೂ ಅರ್ಚಕರೂ ಶ್ಯಾನುಭೋಗರೂ ನಿರ್ವಹಿಸುತ್ತಿದ್ದರು. ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆಗಳನ್ನು ಸಂದರ್ಶಿಸಿದ ಬುಕಾನನ್ ಆಂಗ್ಲರಿಗಾಗಿ ಬರೆದನು, ಬಿ. ಎಲ್. ರೈಸ್ ಶಾಸನಗಳನ್ನು ಅಚ್ಚಿಗೆ ತಂದನು, ಆರ್. ನರಸಿಂಹಾಚಾರ್ಯರೂ ಎಂ. ಎಚ್. ಕೃಷ್ಣರೂ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ದೇವಾಲಯಗಳನ್ನು ವಿವರಿಸಿದರು. ಇವೆಲ್ಲ ವಿದ್ವಾಂಸರ ಕಪಾಟನ್ನು ಸೇರಿದುವೇ ಹೊರತು ಬಸ್ಸಿನಿಂದಿಳಿದ ಜನರ ಕೈಗೆ ಬರಲಿಲ್ಲ.

ನಿಜವಾದ ಪರಿವರ್ತನೆಯನ್ನು ತಂದುದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನೊಳಗೊಂಡ ಆರನೆಯ ಸಂಪುಟವು 1977ರಲ್ಲಿಯೂ ನಾಗಮಂಗಲವನ್ನೊಳಗೊಂಡ ಏಳನೆಯ ಸಂಪುಟವು 1979ರಲ್ಲಿಯೂ ಪ್ರಕಟವಾದಮೇಲೆ, ಅವುಗಳನ್ನು ಬಗಲಲ್ಲಿಟ್ಟುಕೊಂಡು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದ ಮೇಲಣ ರಾಮಾಯಣ, ಮಹಾಭಾರತ, ಭಾಗವತಗಳ ಶಿಲ್ಪಪಂಕ್ತಿಗಳನ್ನು ಬಲಗೊಂಡವರು, ಕಂಬದಹಳ್ಳಿಯ ಗಂಗರ ಕಾಲದ ಪಂಚಕೂಟ ಬಸದಿಯ ಮುಂದೆ ಶಾಲೆಯ ಮಕ್ಕಳನ್ನು ಕುಳ್ಳಿರಿಸಿ ಪಾಠ ಹೇಳಿದವರು ನಮ್ಮ ಪೀಳಿಗೆಯ ಉಪಾಧ್ಯಾಯರು. ಸಂಬಳವಿಲ್ಲದ, ಫಲಕವಿಲ್ಲದ ಮಾಹಿತಿ ಕೇಂದ್ರಗಳು ಅವರೇ ಆಗಿದ್ದರು. ಯಾತ್ರಿಕನಿಗೆ ಬೇಕಾದುದು ಕಟ್ಟಡಕ್ಕಿಂತ ಮೊದಲು ಸ್ಥಳವನ್ನು ಬಲ್ಲ ಮನುಷ್ಯನೆಂಬುದನ್ನು ಈ ಪಂಥವು ಅರಿತಿದ್ದಷ್ಟು ಸ್ಪಷ್ಟವಾಗಿ ಆಮೇಲಿನ ಯಾವ ಯೋಜನೆಯೂ ಅರಿಯಲಿಲ್ಲ.

1971ರಲ್ಲಿ ಸ್ಥಾಪಿತವಾದ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ವಸತಿ, ವಾಹನಗಳ ಸೌಕರ್ಯವನ್ನು ಬೆಳೆಸಿತೆಂಬುದು ಸತ್ಯ. ಆದರೆ ಪ್ರವಾಸದ ಬಸ್ಸು ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಾಲಯಗಳನ್ನು ಸುತ್ತಿ ಸಂಜೆಗೆ ಬೃಂದಾವನವನ್ನು ಸೇರುವುದೇ ರೂಢಿಯಾದುದರಿಂದ, ಕೈಪಿಡಿ, ಫಲಕ, ಮಾರ್ಗದರ್ಶಕರೆಲ್ಲ ಶ್ರೀರಂಗಪಟ್ಟಣದಲ್ಲಿಯೇ ನೆಲಸಿದರು. ಅಲ್ಲಿಯೂ ವಿವರಣೆಯು ಪ್ರಾಯಶಃ ಟಿಪ್ಪುವಿನ ಪತನವಾದ 1799ರ ಮೇ ತಿಂಗಳಿನಿಂದ ಈಚೆಗಾಗಲಿ ಆಚೆಗಾಗಲಿ ಚಲಿಸುವುದಿಲ್ಲ. 2023ರಲ್ಲಿ ಉದ್ಘಾಟಿತವಾದ ಬೆಂಗಳೂರು–ಮೈಸೂರು ಹೆದ್ದಾರಿಯು ಈ ಪಟ್ಟಣವನ್ನೂ ಬಳಸಿಕೊಂಡು ಹೋಗುವಂತಾದಾಗ ವ್ಯಾಪಾರಿಗಳ ಕಷ್ಟವು ಕೇಳಿಬಂದಿತು. ಹೆದ್ದಾರಿಯ ಸೋಂಕೇ ಇಲ್ಲದ ಕೃಷ್ಣರಾಜಪೇಟೆ, ನಾಗಮಂಗಲಗಳ ಮಾತನ್ನು ಯಾರೂ ಎತ್ತಲಿಲ್ಲ. ಅದೇ ವರ್ಷ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. ಆ ಪಟ್ಟಿಯಲ್ಲಿಲ್ಲದ ಹೊಸಹೊಳಲಿಗೆ ಪರಿಚಯದ ಅಗತ್ಯ ಇನ್ನೂ ಅಧಿಕ.

ಸಾಹಿತ್ಯದ ಸಂಗತಿಯಂತೂ ಪೂರ್ಣ ವಿಸ್ಮೃತವಾಗಿದೆ. ಕಿಕ್ಕೇರಿ ಕೆ. ಎಸ್. ನರಸಿಂಹಸ್ವಾಮಿಯವರ ಊರು, ಅಕ್ಕಿಹೆಬ್ಬಾಳು ಎ. ಎನ್. ಮೂರ್ತಿರಾಯರದು, ಮೇಲುಕೋಟೆ ಪು. ತಿ. ನರಸಿಂಹಾಚಾರ್ಯರದು, ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರದು. ಇವನ್ನು ಒಂದೇ ಹಾದಿಯಲ್ಲಿ ಪೋಣಿಸಿದ ಕೈಪಿಡಿಯೊಂದು ಬಸ್ ನಿಲ್ದಾಣಗಳಲ್ಲಿ ದೊರೆಯಬೇಡವೆ?

ಇದಕ್ಕಾಗಿ ಮಾಹಿತಿ ಕೇಂದ್ರಗಳ ಜಾಲವೊಂದನ್ನು ಹೊಸದಾಗಿ ಹೆಣೆಯಬೇಕಾದುದೂ ಇಲ್ಲ. ಈಗ ಅರಿವು ಕೇಂದ್ರಗಳೆನ್ನಿಸಿಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮೇಜು, ಕಪಾಟು, ಊರನ್ನು ಬಲ್ಲ ಗ್ರಂಥಪಾಲಕರು ಆಗಲೇ ಇದ್ದಾರೆ. ಮೇಲೆ ಹೇಳಿದ ಎರಡು ಶಾಸನ ಸಂಪುಟಗಳು, ತಾಲ್ಲೂಕಿನ ನಕ್ಷೆ, ಬಸ್ಸಿನ ವೇಳಾಪಟ್ಟಿ, ಬೀಗದ ಕೈಯಿರುವ ಅರ್ಚಕರ ಮತ್ತು ಕಾವಲುಗಾರರ ವಿವರ, ಇಷ್ಟು ಅಲ್ಲಿ ಸೇರಬೇಕು. ಯಾತ್ರಿಕರು ಬಹುಮಟ್ಟಿಗೆ ರಜೆಯ ದಿನಗಳಲ್ಲಿಯೇ ಬರುವುದರಿಂದ ಭಾನುವಾರ ಬಾಗಿಲು ತೆರೆದಿರಬೇಕು, ಆ ದಿನದ ದುಡಿಮೆಗೆ ಗ್ರಂಥಪಾಲಕರಿಗೆ ಪ್ರತ್ಯೇಕ ಸಂಭಾವನೆಯೂ ಸಲ್ಲಬೇಕು.