ಬೆಳಗಲಿ ಸೀಮೆ ಮತ್ತು ‘ಸ್ಟೇಟ್’ ಶಬ್ದದ ನಾನಾರ್ಥ

ಕವಿಚಕ್ರವರ್ತಿ ರನ್ನನು ‘ಅಜಿತಪುರಾಣ’ದಲ್ಲಿ (ಕ್ರಿ.ಶ. 993) ತನ್ನ ಹುಟ್ಟೂರಾದ ಮುದುವೊಳಲನ್ನು ಬೆಳುಗಲಿ ಐನೂರು, ಜಂಬುಖಂಡಿ ಎಪ್ಪತ್ತು ಎಂಬ ಆಡಳಿತ ವಿಭಾಗಗಳೊಂದಿಗೆ ಹೇಳಿಕೊಂಡಿದ್ದಾನೆ. ಅವನ ಹೆಸರಿನ ‘ರನ್ನಕಂದ’ ನಿಘಂಟಿನಲ್ಲಿ ಹನ್ನೆರಡು ಕಂದಗಳು ಮಾತ್ರ ಉಳಿದಿವೆ. ಆ ನಿಘಂಟುಕಾರನ ನೆಲದಲ್ಲಿಯೇ ಇಂಗ್ಲಿಷಿನ ‘ಸ್ಟೇಟ್’ ಶಬ್ದವು ಒಂದೇ ತಲೆಮಾರಿನ ಅವಧಿಯಲ್ಲಿ ಅರ್ಥದಿಂದ ಅರ್ಥಕ್ಕೆ ಸರಿದದ್ದು ಗಮನಾರ್ಹ.

ಬ್ರಿಟಿಷರ ಕಾಲದಲ್ಲಿ ಮುಧೋಳವು ಘೋರ್ಪಡೆ ಮನೆತನದ, ಜಮಖಂಡಿಯು ಪಟವರ್ಧನರ ಆಳ್ವಿಕೆಗೆ ಒಳಪಟ್ಟಿದ್ದವು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡಿರುವ ರಬಕವಿ ಸಾಂಗಲಿಗೆ ಸೇರಿತ್ತು. ಬೀಳಗಿ ನೇರ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ನಗರಸಭೆಯ ಭಾಗಗಳಾಗಿರುವ ಎರಡು ನೇಕಾರ ಊರುಗಳು ಅಂದು ಎರಡು ‘ಸ್ಟೇಟ್’ಗಳು! ಇಲ್ಲಿ ಆ ಶಬ್ದಕ್ಕೆ ಸಾರ್ವಭೌಮ ಪ್ರಭುತ್ವವೆಂಬ ಅರ್ಥವಿರಲಿಲ್ಲ, ಪರಮಾಧಿಕಾರ ಬ್ರಿಟಿಷರಲ್ಲಿತ್ತು. ಕನ್ನಡ, ಮರಾಠಿಗಳೆರಡರಲ್ಲಿಯೂ ಅದಕ್ಕೆ ‘ಸಂಸ್ಥಾನ’ವೆಂಬ ಶಬ್ದವೇ ರೂಢಿಯಾಯಿತು. ಲ್ಯಾಟಿನ್ನಿನ ‘ಸ್ಟೇಟಸ್’, ಸಂಸ್ಕೃತದ ‘ಸ್ಥಿತಿ’, ‘ಸಂಸ್ಥಾನ’ ಇವೆಲ್ಲವೂ ನಿಲ್ಲುವ ಅರ್ಥದ ಒಂದೇ ಮೂಲಧಾತುವಿನಿಂದ ಬಂದವು ಎಂಬುದು ಆಕಸ್ಮಿಕವಾದರೂ ಸೊಗಸಾದ ಹೊಂದಿಕೆ. ಆದರೆ ಮಠಗಳ ಪೀಠಕ್ಕೂ ‘ಸಂಸ್ಥಾನ’ವೆನ್ನುವ ವಾಡಿಕೆಯಿರುವುದರಿಂದ ಕನ್ನಡದ ಶಬ್ದವೂ ಏಕಾರ್ಥಕವಲ್ಲ.

1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1950ರ ಸಂವಿಧಾನದಲ್ಲಿ ಹಿಂದಿನ ಪ್ರಾಂತವಾದ ಮುಂಬಯಿ ‘ಎ’ ಭಾಗದ, ಹಿಂದಿನ ಸಂಸ್ಥಾನವಾದ ಮೈಸೂರು ‘ಬಿ’ ಭಾಗದ ‘ಸ್ಟೇಟ್’ ಎನಿಸಿದವು. 1956ರ ನವೆಂಬರ್ 1ರಿಂದ ಆ ಭೇದ ಅಳಿಯಿತು, ಬೆಳಗಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಸಂವಿಧಾನದ 12ನೆಯ ಅನುಚ್ಛೇದದಲ್ಲಿ ‘ಸ್ಟೇಟ್’ ಎಂದರೆ ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರ ಮತ್ತು ಶಾಸಕಾಂಗಗಳು, ಸ್ಥಳೀಯ ಪ್ರಾಧಿಕಾರಗಳು ಎಲ್ಲವೂ ಅಡಕ. ಕನ್ನಡದಲ್ಲಿ ಇದಕ್ಕೂ ‘ರಾಜ್ಯ’ವೆಂದೇ ಬಳಸಿ, ‘ರಾಜ್ಯನೀತಿಯ ನಿರ್ದೇಶಕ ತತ್ವಗಳು’ ಎಂದಿರುವುದು ಓದುಗರನ್ನು ದಾರಿತಪ್ಪಿಸುವಂತಿದೆ; ‘ಪ್ರಭುತ್ವ’ವೆಂಬುದು ಇಲ್ಲಿ ಹೆಚ್ಚು ಸರಿಯಾದ ಶಬ್ದ. 1955ರ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ‘ಸ್ಟೇಟ್’ ಕೂಡ ಯಾವ ಒಂದು ರಾಜ್ಯದ್ದೂ ಅಲ್ಲ.

ಈ ಅರ್ಥಭೇದದ ಪರಿಣಾಮ ಚರಿತ್ರೆಯ ಬರವಣಿಗೆಯಲ್ಲಿ ನೇರವಾಗಿ ಕಾಣುತ್ತದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿಯವರು (ಜನನ 1912) ಮೊದಲು ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿ, 1948ರಲ್ಲಿ ಅದರ ದಿವಾನರಾದರು. ಆ ಹುದ್ದೆಯನ್ನು ಮುಖ್ಯಮಂತ್ರಿ ಎಂದೂ ಕರೆಯುವುದುಂಟು. ಅನಂತರ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಇಂಗ್ಲಿಷಿನಲ್ಲಿ ಎರಡೂ ‘ಸ್ಟೇಟ್’ನ ಹುದ್ದೆಗಳೇ. ಮೊದಲನೆಯದನ್ನು ‘ರಾಜ್ಯ’ವೆಂದು ಅನುವಾದಿಸಿದರೆ, ಆ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರುವುದಕ್ಕೆ ಅವರು ದುಡಿದ ಸಂಗತಿಯೇ ಅರ್ಥವಾಗದೆ ಹೋಗುತ್ತದೆ.