ಓಪನ್ ಸೋರ್ಸ್ ಆ್ಯಪ್ ಹಾಕಿದರೆ ಫೋನ್ ಹ್ಯಾಕ್ ಆಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಕೋಡ್ ಎಲ್ಲರಿಗೂ ಕಾಣುವ ಆ್ಯಪ್ ಹಾಕಿಕೊಂಡರೆ ಕಳ್ಳರ ಕೈಗೆ ಬೀಗದ ಕೈ ಕೊಟ್ಟಂತೆ" ಎನ್ನುವವರು ಒಂದು ಕಡೆ. "ಓಪನ್ ಸೋರ್ಸ್ ಅಂದರೆ ಸಾಕು, ಕಣ್ಣು ಮುಚ್ಚಿ ಹಾಕಿಕೊಳ್ಳಿ" ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ. ಒಂದೊಂದಾಗಿ ನೋಡೋಣ.

ಓಪನ್ ಸೋರ್ಸ್ ಎಂದರೇನು?

ಅಡುಗೆಯ ಜೊತೆಗೆ ಅದನ್ನು ಮಾಡುವ ವಿಧಾನವನ್ನೂ ಬರೆದುಕೊಟ್ಟರೆ ಹೇಗೋ ಹಾಗೆ. ಆ್ಯಪ್‌ನ ಮೂಲ ಕೋಡ್ ಎಲ್ಲರಿಗೂ ಸಿಗುತ್ತದೆ. ಗೊತ್ತಿದ್ದವರು ಅದನ್ನು ಪರೀಕ್ಷಿಸಬಹುದು, ತಿದ್ದಬಹುದು, ಹಂಚಬಹುದು. ಕನ್ನಡದಲ್ಲಿ ಇದನ್ನು 'ಮುಕ್ತ ತಂತ್ರಾಂಶ' ಎನ್ನುತ್ತೇವೆ.

ಮುಕ್ತ ಬೇರೆ, ಉಚಿತ ಬೇರೆ. 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ 'ಬರಹ' ತಂತ್ರಾಂಶ ಬಹಳ ಕಾಲ ಉಚಿತವಾಗಿ ಸಿಗುತ್ತಿತ್ತು, ಲಕ್ಷಾಂತರ ಜನ ಅದರಿಂದಲೇ ಕಂಪ್ಯೂಟರ್‌ನಲ್ಲಿ ಕನ್ನಡ ಕಲಿತರು. ಆದರೆ ಅದು ಮುಕ್ತವಾಗಿರಲಿಲ್ಲ. ಮುಂದಿನ ಆವೃತ್ತಿಗಳಿಗೆ ಹಣ ಕೊಡಬೇಕಾಯಿತು. ಅದು ತಪ್ಪೇನಲ್ಲ, ಆದರೆ ವ್ಯತ್ಯಾಸ ಗೊತ್ತಿರಬೇಕು.

ಹೇಳಿಕೆ 1: ಕೋಡ್ ಬಹಿರಂಗವಾದರೆ ಹ್ಯಾಕ್ ಮಾಡುವುದು ಸುಲಭ

ತಪ್ಪು. ಬೀಗದ ವಿನ್ಯಾಸ ಎಲ್ಲರಿಗೂ ಗೊತ್ತಿದ್ದರೂ ಕೀಲಿ ನಿಮ್ಮ ಬಳಿಯೇ ಇರುತ್ತದೆ. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವ ಲಿನಕ್ಸ್ 1991ರಿಂದಲೂ ಬಹಿರಂಗವಾಗಿ ಬೆಳೆದದ್ದು. ವಾಟ್ಸ್‌ಆ್ಯಪ್ 2016ರಲ್ಲಿ ಎಲ್ಲ ಸಂದೇಶಗಳಿಗೆ ಅಳವಡಿಸಿದ ಗೂಢಲಿಪಿ ವ್ಯವಸ್ಥೆಯೂ 'ಸಿಗ್ನಲ್' ತಂಡ ಬಹಿರಂಗವಾಗಿ ರೂಪಿಸಿದ್ದು. ಅಂದರೆ ಈ ಫಾರ್ವರ್ಡ್ ನಿಮಗೆ ತಲುಪಿರುವುದೂ ಮುಕ್ತ ತಂತ್ರಜ್ಞಾನದ ಮೂಲಕವೇ.

ಹೇಳಿಕೆ 2: ಓಪನ್ ಸೋರ್ಸ್ ಆದರೆ ನೂರಕ್ಕೆ ನೂರು ಸುರಕ್ಷಿತ

ಇದೂ ತಪ್ಪು. 2014ರ 'ಹಾರ್ಟ್‌ಬ್ಲೀಡ್' ದೋಷ ಮುಕ್ತ ತಂತ್ರಾಂಶದಲ್ಲೇ ಇತ್ತು. 2024ರಲ್ಲಿ 'ಎಕ್ಸ್‌ಝಡ್' ಎಂಬ ತಂತ್ರಾಂಶದೊಳಗೆ ಯಾರೋ ಬೇಕೆಂದೇ ಕಳ್ಳದಾರಿ ಸೇರಿಸಿದ್ದರು. ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾಗಿದ್ದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಪತ್ತೆ ಮಾಡಿದರು. ಕೋಡ್ ಬಹಿರಂಗವಾಗಿದ್ದರಿಂದ ಅವರು ಕಾರಣ ಹುಡುಕಲು ಸಾಧ್ಯವಾಯಿತು. ಆದರೆ ನೋಡುವ ಕಣ್ಣುಗಳಿದ್ದರೆ ಮಾತ್ರ ತಪ್ಪು ಸಿಕ್ಕೀತು.

ಹೇಳಿಕೆ 3: ಗುಂಪಿನಲ್ಲಿ ಬಂದ ಎಪಿಕೆ ಫೈಲ್ ಕೂಡ ಓಪನ್ ಸೋರ್ಸ್

ಅತಿ ಅಪಾಯಕಾರಿ ತಪ್ಪು ಇದೇ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಫೈಲ್‌ಗಳು ಬರುತ್ತವೆ. ಹಾಕಿಕೊಂಡ ಕೂಡಲೇ ಅವು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಒಟಿಪಿ ನೇರವಾಗಿ ವಂಚಕರಿಗೆ ಹೋಗುತ್ತದೆ. ಇವುಗಳಿಗೂ ಓಪನ್ ಸೋರ್ಸ್‌ಗೂ ಸಂಬಂಧವಿಲ್ಲ. 'ಜಿಬಿ ವಾಟ್ಸ್‌ಆ್ಯಪ್'ನಂಥ ತಿದ್ದಿದ ಆ್ಯಪ್‌ಗಳೂ ಮುಕ್ತವಲ್ಲ; ಬಳಸಿದರೆ ನಿಮ್ಮ ಖಾತೆಯೇ ಬಂದ್ ಆಗಬಹುದು.

ಮುಕ್ತ ಆ್ಯಪ್ ಬೇಕೆಂದರೆ ಪ್ಲೇ ಸ್ಟೋರ್‌ನಿಂದ ಅಥವಾ 2010ರಿಂದ ಇರುವ 'ಎಫ್-ಡ್ರಾಯ್ಡ್' ಸಂಗ್ರಹದಿಂದ ಪಡೆಯಿರಿ. ಎಫ್-ಡ್ರಾಯ್ಡ್ ಸಾಮಾನ್ಯವಾಗಿ ಮೂಲ ಕೋಡಿನಿಂದ ತಾನೇ ಆ್ಯಪ್ ಕಟ್ಟುತ್ತದೆ. ಬಳಕೆದಾರರ ಮೇಲೆ ಕಣ್ಣಿಡುವ ಅಂಶಗಳಿದ್ದರೆ ಎಚ್ಚರಿಕೆಯನ್ನೂ ಹಾಕುತ್ತದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಗೆ ಮಾತ್ರ ಪ್ಲೇ ಸ್ಟೋರ್ ಬಿಟ್ಟು ಬೇರೆಡೆ ಹೋಗಬೇಡಿ.

ದಿನಬಳಕೆಗೆ ಏನೇನಿದೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಶೇರ್‌ಇಟ್, ಕ್ಸೆಂಡರ್ ರಾತ್ರೋರಾತ್ರಿ ಹೋದವು. ಅದೇ ಕೆಲಸಕ್ಕೆ 'ಲೋಕಲ್‌ಸೆಂಡ್' ಇದೆ. ಒಂದೇ ವೈಫೈ ಅಥವಾ ಹಾಟ್‌ಸ್ಪಾಟ್‌ನಲ್ಲಿರುವ ಫೋನು, ಕಂಪ್ಯೂಟರ್‌ಗಳ ನಡುವೆ ಇಂಟರ್ನೆಟ್ ಇಲ್ಲದೆಯೇ ಫೋಟೊ ಕಳಿಸುತ್ತದೆ. ವಿಡಿಯೊ ನೋಡಲು ವಿಎಲ್‌ಸಿ, ಬ್ರೌಸ್ ಮಾಡಲು ಫೈರ್‌ಫಾಕ್ಸ್, ಪತ್ರ ಬರೆಯಲು ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ಇವೆ.

ನಕ್ಷೆಗೆ 'ಆರ್ಗ್ಯಾನಿಕ್ ಮ್ಯಾಪ್ಸ್' ಇದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುತ್ತದೆ. ಇದರ ಮಾಹಿತಿ ಬರುವುದು 2004ರಲ್ಲಿ ಶುರುವಾದ 'ಓಪನ್‌ಸ್ಟ್ರೀಟ್‌ಮ್ಯಾಪ್'ನಿಂದ. ದೊಡ್ಡಬೆಳವಂಗಲದವರೇ ತಮ್ಮ ಊರಿನ ಅಂಗನವಾಡಿ, ಹಾಲಿನ ಡೈರಿ, ಹೊಲದ ದಾರಿಯನ್ನು ಅದಕ್ಕೆ ಸೇರಿಸಬಹುದು. ಸೇರಿಸದಿದ್ದರೆ ಅವು ಕಾಣುವುದಿಲ್ಲ. ಹಳ್ಳಿಗಳಲ್ಲಿ ಇದರ ಕೊರತೆಯೂ ಇದೇ.

ಇದೆಲ್ಲ ನಗರದ ಇಂಜಿನಿಯರ್‌ಗಳಿಗಷ್ಟೇ ಎನ್ನಬೇಡಿ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಕಂಪ್ಯೂಟರ್ ಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಅದೇ ವ್ಯವಸ್ಥೆಯಲ್ಲಿವೆ. ನಮಗೆ ಹತ್ತಿರದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ 'ಜನಸ್ತು' ಸಂಸ್ಥೆ ಹಳ್ಳಿಗರೊಂದಿಗೆ ಸ್ಥಳೀಯ ವೈಫೈ ಜಾಲ ಕಟ್ಟಿ, ಊರಿನ ಕತೆ, ಧ್ವನಿಗಳನ್ನು ಊರಲ್ಲೇ ಉಳಿಸುವ ಪ್ರಯೋಗ ಮಾಡಿದೆ.

ಫೋಟೊಗಳನ್ನು ಮನೆಯಲ್ಲೇ ಇಡಬಹುದೇ?

ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ ಜಾಗ ಸಾಮಾನ್ಯವಾಗಿ 15 ಜಿಬಿ. 2021ರ ಜೂನ್ 1ರಿಂದ ಹೊಸ ಫೋಟೊಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಬೇಗ ತುಂಬುತ್ತದೆ. 'ನೆಕ್ಸ್ಟ್‌ಕ್ಲೌಡ್', 'ಇಮ್ಮಿಚ್' ಎಂಬ ಮುಕ್ತ ತಂತ್ರಾಂಶಗಳಿಂದ ಮನೆಯ ಕಂಪ್ಯೂಟರನ್ನೇ ನಿಮ್ಮ ಸ್ವಂತ ಕ್ಲೌಡ್ ಮಾಡಿಕೊಳ್ಳಬಹುದು. ಇದಕ್ಕೆ ಸೆಲ್ಫ್ ಹೋಸ್ಟಿಂಗ್ ಎನ್ನುತ್ತಾರೆ.

ಆದರೆ ಆಗ ಕಾವಲೂ ನಿಮ್ಮದೇ. ಕರೆಂಟ್ ಹೋದರೆ ಸೇವೆ ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟರೆ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊಗಳೂ ಹೋಗುತ್ತವೆ. ಅಪ್‌ಡೇಟ್ ಮಾಡದೆ ಇಂಟರ್ನೆಟ್‌ಗೆ ತೆರೆದಿಟ್ಟರೆ ಹೊರಗಿನವರು ನುಗ್ಗಬಹುದು. ಇಷ್ಟೆಲ್ಲ ನೋಡಿಕೊಳ್ಳುವವರು ಮನೆಯಲ್ಲಿಲ್ಲದಿದ್ದರೆ ಸುಲಭದ ದಾರಿ ಹಿಡಿಯಿರಿ. ಮುಖ್ಯ ಫೋಟೊಗಳ ಮೂರು ಪ್ರತಿ ಇರಲಿ: ಫೋನಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೊಂದು, ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ ಇನ್ನೊಂದು.

ಕೊನೆಯ ಮಾತು

ಆ್ಯಪ್ ಮುಕ್ತವೋ ಅಲ್ಲವೋ ಎನ್ನುವಷ್ಟೇ ಮುಖ್ಯ, ಅದು ಎಲ್ಲಿಂದ ಬಂತು ಮತ್ತು ಯಾವ ಅನುಮತಿ ಕೇಳುತ್ತಿದೆ ಎನ್ನುವುದು. ಟಾರ್ಚ್ ಆ್ಯಪ್‌ಗೆ ನಿಮ್ಮ ಎಸ್ಸೆಮ್ಮೆಸ್ ಯಾಕೆ ಬೇಕು? ಎಪಿಕೆ ಹಾಕಿ ಹಣ ಕಳೆದುಕೊಂಡಿದ್ದರೆ ಫೋನಿನ ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ತಕ್ಷಣ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗುಂಪಿನಲ್ಲಿ ಎಪಿಕೆ ಫೈಲ್ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಫೋನ್ ಮಾಡಿ ತಿಳಿಸಿ. ಅವರ ಫೋನೂ ಆಗಲೇ ವಂಚಕರ ಕೈಯಲ್ಲಿರಬಹುದು.