ಸ್ವರ ಬಾಗಿಸಿದವನು: ಲೆಫ್ಟಿ ಫ್ರಿಜೆಲ್ ಮತ್ತು ಕಂಟ್ರಿ ಗಾಯನ ಸಾಗಿಬಂದ ದಾರಿ

ಅಮೆರಿಕದ ಕಂಟ್ರಿ ಸಂಗೀತದ ಮಾತು ಬಂದರೆ ಹ್ಯಾಂಕ್ ವಿಲಿಯಮ್ಸ್, ಜಾನಿ ಕ್ಯಾಶ್, ವಿಲ್ಲಿ ನೆಲ್ಸನ್, ಡಾಲಿ ಪಾರ್ಟನ್ ಎಂಬ ಹೆಸರುಗಳು ತಾವಾಗಿ ಬರುತ್ತವೆ. ಲೆಫ್ಟಿ ಫ್ರಿಜೆಲ್ ಎಂಬ ಹೆಸರು ಬರುವುದು ಅಪರೂಪ. ಆದರೆ ಮರ್ಲ್ ಹ್ಯಾಗರ್ಡ್, ಜಾರ್ಜ್ ಜೋನ್ಸ್, ಕೀತ್ ವಿಟ್ಲಿ, ರ‍್ಯಾಂಡಿ ಟ್ರಾವಿಸ್ ಮೊದಲಾದವರ ಹಾಡಿಕೆಯ ಮೂಲ ಹುಡುಕುತ್ತ ಹೋದರೆ ದಾರಿ ಹೋಗಿ ನಿಲ್ಲುವುದು ಈತನ ಬಳಿಯೇ. ಕಂಟ್ರಿ ಗಾಯನಕ್ಕೆ ಅದರ ಇಂದಿನ ದನಿ ಕೊಟ್ಟವರಲ್ಲಿ ಇವನಷ್ಟು ಮುಖ್ಯನಾದವನು ಇನ್ನೊಬ್ಬನಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನ ರೀತಿ ಎಲ್ಲರ ರೀತಿಯಾಗಿಬಿಟ್ಟಿತು. ಹಾಗಾಗಿಯೇ ಅದು ಯಾರದೆಂದು ಕೇಳುವವರು ಕಡಿಮೆಯಾದರು.

ರಾಜರ್ಸ್‌ನಿಂದ ಟಬ್‌ವರೆಗೆ

ಈ ಸಂಗೀತದ ಧ್ವನಿಮುದ್ರಿತ ಇತಿಹಾಸದ ದೊಡ್ಡ ತಿರುವು 1927ರದು. ಆ ವರ್ಷ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣಕ್ಕೆ ಯಂತ್ರಗಳೊಂದಿಗೆ ಬಂದು ಸ್ಥಳೀಯ ಹಾಡುಗಾರರನ್ನು ಮುದ್ರಿಸಿಕೊಂಡ. ಅಲ್ಲಿ ಸಿಕ್ಕವರಲ್ಲಿ ಕಾರ್ಟರ್ ಕುಟುಂಬ ಬೆಟ್ಟಸೀಮೆಯ ಮನೆಹಾಡು, ಭಜನೆಗಳ ಪರಂಪರೆಯನ್ನು ತಂದಿತು. ಮಿಸಿಸಿಪಿಯಲ್ಲಿ ರೈಲ್ವೆ ಕೆಲಸ ಮಾಡಿದ್ದ ಜಿಮ್ಮಿ ರಾಜರ್ಸ್ ಕಪ್ಪು ಕಾರ್ಮಿಕರಿಂದ ಕಲಿತ ಬ್ಲೂಸ್ ಜೊತೆಗೆ ದನಿ ಮುರಿದು ಮೇಲೇರುವ ಯೋಡೆಲ್ ಬೆರೆಸಿ, ಒಂಟಿ ಮನುಷ್ಯನ ಅಳಲನ್ನು ಹಾಡಾಗಿಸಿದ. ಕ್ಷಯದಿಂದ 1933ರಲ್ಲಿ ತೀರಿಕೊಂಡಾಗ ಅವನಿಗೆ 35 ವರ್ಷ.

ಅದೇ 1933ರಲ್ಲಿ ಅಮೆರಿಕದ ಪಾನನಿಷೇಧ ರದ್ದಾಯಿತು. ಟೆಕ್ಸಾಸ್‌ನ ಎಣ್ಣೆಬಾವಿಗಳ ಸುತ್ತ ಕೂಲಿಯವರು ಕುಡಿದು ಕುಣಿಯುವ ಹಾಂಕಿ-ಟಾಂಕ್‌ಗಳು ಬೆಳೆದವು. ಆ ಗದ್ದಲದಲ್ಲಿ ಬರಿಯ ಪಿಟೀಲು, ಗಿಟಾರಿನ ಸದ್ದು ಯಾರಿಗೂ ಕೇಳಿಸುವಂತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಬಂತು, ಹವಾಯಿಯಿಂದ ಬಂದಿದ್ದ ಸ್ಟೀಲ್ ಗಿಟಾರ್ ಮುಂದಿನ ಸಾಲಿಗೆ ಬಂತು, ಮೂಲೆಯಲ್ಲಿ ಜೂಕ್‌ಬಾಕ್ಸ್ ಕೂತಿತು. ಹಾಡಿನ ವಸ್ತುವೂ ಬದಲಾಯಿತು. ಅಮ್ಮ, ಹಳ್ಳಿ, ದೇವರು ಇದ್ದ ಜಾಗಕ್ಕೆ ಕುಡಿತ, ಮುರಿದ ಮದುವೆ, ಬಾಡಿಗೆ ಕೋಣೆಯ ಒಂಟಿತನ ಬಂದವು. 1941ರಲ್ಲಿ ಅರ್ನೆಸ್ಟ್ ಟಬ್ ಮುದ್ರಿಸಿದ ‘ವಾಕಿಂಗ್ ದಿ ಫ್ಲೋರ್ ಓವರ್ ಯೂ’ ಈ ಬಗೆಯ ಮಾದರಿ ಹಾಡಾಯಿತು. ಟಬ್‌ನದು ಒಣ, ನೇರ, ಮಾತಿನಂಥ ದನಿ. ಸಾಲನ್ನು ಅವನು ಅಲಂಕಾರವಿಲ್ಲದೆ ನಮ್ಮ ಮುಂದಿಡುತ್ತಿದ್ದ. ಅವನ ನಂತರ ಬಂದ ಹ್ಯಾಂಕ್ ವಿಲಿಯಮ್ಸ್ ಅದಕ್ಕೆ ಸೀಳುವ ತೀವ್ರತೆ ಕೊಟ್ಟ. ಮಾತಿನ ಒಳಗೆ ನಿಂತು, ಒಂದೊಂದು ಅಕ್ಷರವನ್ನೂ ತಡೆದು ಹಾಡಿದರೆ ಏನಾದೀತು ಎಂಬುದಕ್ಕೆ ಲೆಫ್ಟಿಯ ಹಾಡಿಕೆಯೇ ಉತ್ತರವಾಯಿತು.

ಎಣ್ಣೆಬಾವಿಯ ಮಗ

ವಿಲಿಯಂ ಆರ್ವಿಲ್ ಫ್ರಿಜೆಲ್ ಹುಟ್ಟಿದ್ದು 1928ರ ಮಾರ್ಚ್ 31ರಂದು, ಟೆಕ್ಸಾಸ್‌ನ ಕಾರ್ಸಿಕಾನಾದಲ್ಲಿ. ಎಣ್ಣೆಬಾವಿಗಳಲ್ಲಿ ದುಡಿಯುತ್ತಿದ್ದ ತಂದೆ ಕೆಲಸ ಇದ್ದ ಕಡೆ ಸಂಸಾರ ಹೂಡಬೇಕಾಗಿತ್ತು. ಹುಡುಗ ಬಹುಕಾಲ ಬೆಳೆದದ್ದು ಆರ್ಕನ್ಸಾದ ಎಲ್ ಡೊರಾಡೊದಲ್ಲಿ. ಮನೆಯಲ್ಲಿದ್ದ ಜಿಮ್ಮಿ ರಾಜರ್ಸ್‌ನ ತಟ್ಟೆಗಳೇ ಅವನ ಪಾಠಶಾಲೆ. ಹದಿಹರೆಯದಲ್ಲೇ ಆಲಿಸ್ ಎಂಬಾಕೆಯನ್ನು ಮದುವೆಯಾಗಿ, ರೇಡಿಯೊ ಮತ್ತು ಹಾಂಕಿ-ಟಾಂಕ್‌ಗಳಲ್ಲಿ ಹಾಡತೊಡಗಿದ.

1947ರಲ್ಲಿ ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ ಅಪ್ರಾಪ್ತ ವಯಸ್ಸಿನ ಹುಡುಗಿಗೆ ಸಂಬಂಧಿಸಿದ ಲೈಂಗಿಕ ಅಪರಾಧದಲ್ಲಿ ಅವನಿಗೆ ಆರು ತಿಂಗಳ ಜೈಲಾಯಿತು. ಅಭಿಮಾನಿ ಲೇಖಕರು ಇದನ್ನು ಮೆಲ್ಲನೆ ದಾಟಿಬಿಡುವುದುಂಟು. ದಾಟುವ ವಿಷಯ ಇದಲ್ಲ. ಕ್ಷಮೆಯ ಕಥೆಯಾಗಿ ಅದಕ್ಕೆ ಸಿಂಗಾರ ಮಾಡುವುದೂ ಬೇಡ. ಹೆಂಡತಿಗೆ ಆ ಜೈಲಿನಿಂದ ಬರೆದ ಬೇಡಿಕೆಯೇ ‘ಐ ಲವ್ ಯೂ ಎ ಥೌಸಂಡ್ ವೇಸ್’ ಹಾಡಾಯಿತು. ತಪ್ಪು ಮಾಡಿದ ಗಂಡನೊಬ್ಬ ನಂಬಿಕೆಯನ್ನು ಮರಳಿ ಕೇಳುವ ಹಾಡು ಅದು, ಮತ್ತು ಹಾಗೆ ಕೇಳಲು ತನಗೆ ಹಕ್ಕಿದೆಯೇ ಎಂಬ ಅಳುಕು ಅವನ ದನಿಯಲ್ಲೇ ಇದೆ.

1950ರಲ್ಲಿ ಡಲ್ಲಾಸ್‌ನ ಸ್ಟುಡಿಯೊ ಮಾಲೀಕ ಜಿಮ್ ಬೆಕ್ ಅವನ ಹಾಡುಗಳನ್ನು ಮುದ್ರಿಸಿದ. ಅವು ಕೊಲಂಬಿಯಾ ಕಂಪನಿಯ ಡಾನ್ ಲಾ ಕಿವಿಗೆ ಬಿದ್ದು ಒಪ್ಪಂದವಾಯಿತು. ಮೊದಲ ತಟ್ಟೆಯ ಒಂದು ಮಗ್ಗುಲಲ್ಲಿ ‘ಇಫ್ ಯೂವ್ ಗಾಟ್ ದ ಮನಿ, ಐವ್ ಗಾಟ್ ದ ಟೈಮ್’, ಇನ್ನೊಂದರಲ್ಲಿ ಆ ಜೈಲಿನ ಹಾಡು. ಎರಡೂ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಮರುವರ್ಷ, 1951ರಲ್ಲಿ, ಆ ಪಟ್ಟಿಯ ಮೊದಲ ಹತ್ತರಲ್ಲಿ ಒಂದೇ ಹೊತ್ತಿಗೆ ಅವನ ನಾಲ್ಕು ಹಾಡುಗಳಿದ್ದವು. ಆಗ ಅವನಿಗೆ 23 ವರ್ಷ. ಹ್ಯಾಂಕ್ ವಿಲಿಯಮ್ಸ್ ಜೊತೆ ಊರೂರು ಸುತ್ತಿ ಸರಿಸಮನಾಗಿ ವೇದಿಕೆ ಏರಿದ. ಅದೇ ವರ್ಷ ಜಿಮ್ಮಿ ರಾಜರ್ಸ್‌ನ ಹಾಡುಗಳದೇ ಒಂದು ಸಂಪುಟ ತಂದು, ತಾನು ಯಾರ ಶಿಷ್ಯನೆಂದು ಎಲ್ಲರಿಗೂ ತಿಳಿಸಿದ.

ಅಕ್ಷರದೊಳಗಿನ ಸಂಚಾರ

ಅವನು ಮಾಡಿದ ಹೊಸತು ಏನೆಂದು ತಿಳಿಯಲು 1951ರ ‘ಆಲ್ವೇಸ್ ಲೇಟ್’ನ ಆರಂಭದ ಕೆಲವೇ ಕ್ಷಣ ಸಾಕು. ಸ್ಟೀಲ್ ಗಿಟಾರ್ ಜಾರುತ್ತ ದಾರಿ ಮಾಡಿಕೊಡುತ್ತದೆ. ಆಮೇಲೆ ಲೆಫ್ಟಿ ‘ಆಲ್ವೇಸ್’ ಎಂಬ ಪದ ಎತ್ತಿಕೊಳ್ಳುತ್ತಾನೆ. ಬೇರೆಯವರಾಗಿದ್ದರೆ ಎರಡು ಸ್ವರದಲ್ಲಿ ಮುಗಿಸುತ್ತಿದ್ದರು. ಇವನು ‘ಆ’ಕಾರವನ್ನು ಹಿಡಿದು ಮೇಲೆ ಒಯ್ದು, ಅಲ್ಲಿಂದ ಜಾರಿಸಿ, ನಡುವೆ ಸಣ್ಣದೊಂದು ಮುರಿತ ಕೊಟ್ಟು, ಪದದ ಕೊನೆಯನ್ನು ಮುಂದಿನ ಪದದೊಳಗೆ ಸುರಿಯುತ್ತಾನೆ. ಸ್ಟೀಲ್ ಗಿಟಾರಿನ ಜಾರು ಎಲ್ಲಿ ನಿಂತಿತು, ಮನುಷ್ಯನ ದನಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಕಾಯಿಸಿ ಕಾಯಿಸಿ ತಡವಾಗಿ ಬರುವ ಪ್ರೇಯಸಿಯ ಮೇಲಿನ ದೂರು ಈ ಹಾಡಿನ ವಿಷಯ. ಹಾಡಿಕೆಯೂ ಪ್ರತಿ ಪದಕ್ಕೆ ತಡವಾಗಿಯೇ ತಲುಪುತ್ತದೆ.

ಕರ್ನಾಟಕ ಸಂಗೀತ ಕೇಳಿದ ಕಿವಿ ಇದನ್ನು ಗಮಕದ ಹತ್ತಿರ ಇಟ್ಟು ನೋಡಬಹುದು. ಒಂದು ಮುಖ್ಯ ವ್ಯತ್ಯಾಸವಿದೆ. ಗಮಕಕ್ಕೆ ರಾಗದ ಕಟ್ಟಳೆ ಇದೆ. ಲೆಫ್ಟಿಯ ಬಾಗು ಹುಟ್ಟುವುದು ಅವನ ಆಡುಮಾತಿನಿಂದ. ಟೆಕ್ಸಾಸ್, ಆರ್ಕನ್ಸಾ ಕಡೆಯ ಜನ ಸ್ವರಾಕ್ಷರಗಳನ್ನು ಎಳೆದು, ಒಂದನ್ನು ಎರಡಾಗಿ ಬಿಡಿಸಿ ಮಾತಾಡುತ್ತಾರೆ. ಪಟ್ಟಣದವರು ಒರಟು ಎನ್ನುತ್ತಿದ್ದ ಆ ಎಳೆತವನ್ನೇ ಅವನು ಕಲೆಯ ಮೂಲದ್ರವ್ಯ ಮಾಡಿಕೊಂಡ. ಮೈಕ್ರೊಫೋನ್ ಇದ್ದುದರಿಂದ ಕೂಗುವ ಅಗತ್ಯ ಇರಲಿಲ್ಲ. ಗದ್ದಲದ ಪಾನಗೃಹದಲ್ಲೂ ಅವನು ಕಿವಿಯ ಬಳಿ ಮಾತಾಡಿದ ಹಾಗೆ ಹಾಡಬಲ್ಲವನಾದ.

ಗೀತಕಾರನಾಗಿಯೂ ಅವನ ಜಾಣತನ ಇಲ್ಲೇ ಇದೆ. ಅವನ ಸಾಲುಗಳಲ್ಲಿ ಉಪಮೆಗಳು ವಿರಳ, ಪದಗಳು ದಿನಬಳಕೆಯವು. ಆದರೆ ಶೀರ್ಷಿಕೆಗಳನ್ನೇ ಗಮನಿಸಿ: ಟೈಮ್, ವೇಸ್, ಲೇಟ್, ಆಲ್ವೇಸ್. ಒತ್ತು ಬೀಳುವ ಕಡೆಯಲ್ಲೆಲ್ಲ ಎಳೆಯಲು ಬರುವ ದೀರ್ಘ ಸ್ವರಗಳೇ ಕೂತಿವೆ. ‘ಮಾಮ್ ಅಂಡ್ ಡ್ಯಾಡ್ಸ್ ವಾಲ್ಟ್ಜ್’ ಹೆತ್ತವರ ಮೇಲಿನ ಅಕ್ಕರೆಯ ಹಾಡು. ಬೇರೆಯವರ ಕೈಯಲ್ಲಿ ಅದು ಅಳುಮುಂಜಿಯಾಗುವ ಅಪಾಯ ಇತ್ತು. ಮೂರರ ತಾಳದ ತೂಗಾಟದಲ್ಲಿ ದನಿ ಹಿಂದೆ ಮುಂದೆ ಸರಿಯುವುದರಿಂದ ಅದು ಹದವಾಗಿ ನಿಂತಿದೆ. ಇಂಥ ಹಾಡಿನಲ್ಲಿ ಬರೆದವನನ್ನೂ ಹಾಡಿದವನನ್ನೂ ಬೇರ್ಪಡಿಸಲು ಬರುವುದಿಲ್ಲ. ಹಾಳೆಯ ಮೇಲೆ ಓದಿದವರಿಗೆ ಸಾಲುಗಳು ಸಪ್ಪೆ ಎನಿಸಿ, ಗೀತಕಾರ ಲೆಫ್ಟಿಗೆ ಸಿಗಬೇಕಾದ ಮರ್ಯಾದೆ ಸಿಗದೆ ಹೋಯಿತು.

ನ್ಯಾಶ್‌ವಿಲ್ ಗೆದ್ದಾಗ

1953ರ ಹೊಸವರ್ಷದ ದಿನ ಹ್ಯಾಂಕ್ ವಿಲಿಯಮ್ಸ್ 29ನೇ ವಯಸ್ಸಿನಲ್ಲಿ ತೀರಿಕೊಂಡು ದಂತಕಥೆಯಾದ. ಲೆಫ್ಟಿ ಬದುಕಿದ್ದ, ಕ್ಯಾಲಿಫೋರ್ನಿಯಾಗೆ ಹೋಗಿ ನೆಲೆಸಿದ, ಆದರೆ ಗೆಲ್ಲುವ ಹಾಡುಗಳು ಕಡಿಮೆಯಾದವು. ಕುಡಿತ, ವ್ಯವಹಾರದ ಜಗಳಗಳು ಒಂದು ಕಡೆ. ಸಂಗೀತಲೋಕದ ಪಲ್ಲಟ ಇನ್ನೊಂದು ಕಡೆ. 1956ರಲ್ಲಿ ಜಿಮ್ ಬೆಕ್, ಮುದ್ರಣಯಂತ್ರ ಶುಚಿಮಾಡುವ ರಾಸಾಯನಿಕದ ವಿಷದ ಆವಿ ಉಸಿರಾಡಿ ಸತ್ತ. ಕಂಟ್ರಿ ಸಂಗೀತದ ಕೇಂದ್ರವಾಗಬಹುದಾಗಿದ್ದ ಡಲ್ಲಾಸ್‌ನ ಆಸೆ ಬಹುಪಾಲು ಅವನೊಂದಿಗೇ ಮುಗಿಯಿತು. ಕೊಲಂಬಿಯಾದ ಕೆಲಸವೂ ನ್ಯಾಶ್‌ವಿಲ್ ಕಡೆ ಹೊರಳಿತು. ಅದೇ ವರ್ಷ ಎಲ್ವಿಸ್ ಪ್ರೆಸ್ಲಿಯ ಅಲೆ ಎದ್ದು ಹಾಂಕಿ-ಟಾಂಕ್ ಹಾಡುಗಾರರ ಕಾಲ ಕೆಳಗಿನ ನೆಲ ಅಲುಗಿತು. ಅದಕ್ಕೆ ಉತ್ತರವಾಗಿ ಚೆಟ್ ಅಟ್ಕಿನ್ಸ್, ಓವೆನ್ ಬ್ರಾಡ್ಲಿಯಂಥ ನಿರ್ಮಾಪಕರು ಪಿಟೀಲು ವೃಂದ, ಹಿನ್ನೆಲೆ ಗಾಯನಗಳನ್ನು ಹಾಕಿ ನಯಗೊಳಿಸಿದ ‘ನ್ಯಾಶ್‌ವಿಲ್ ಸೌಂಡ್’ ಕಟ್ಟಿದರು.

ಆ ಹೊಸ ಜಗತ್ತಿನಲ್ಲೂ ಲೆಫ್ಟಿ ಎರಡು ಶಿಖರ ಹತ್ತಿದ, ಎರಡೂ ಪರರ ರಚನೆಗಳಿಂದ. 1959ರಲ್ಲಿ ಡ್ಯಾನಿ ಡಿಲ್, ಮೇರಿಜಾನ್ ವಿಲ್ಕಿನ್ ಬರೆದ ‘ಲಾಂಗ್ ಬ್ಲ್ಯಾಕ್ ವೇಲ್’ ಅನ್ನು ಮೊದಲು ಮುದ್ರಿಸಿದವನು ಅವನೇ. ಗೆಳೆಯನ ಹೆಂಡತಿಯ ಮಾನ ಉಳಿಸಲು ಬಾಯಿ ಬಿಡದೆ, ಮಾಡದ ಕೊಲೆಗೆ ಗಲ್ಲಿಗೇರಿದವನು ಗೋರಿಯೊಳಗಿಂದ ಹೇಳುವ ಕಥೆ ಅದು. ಇಲ್ಲಿ ಲೆಫ್ಟಿ ತನ್ನ ಬಾಗುಗಳನ್ನೆಲ್ಲ ಬಿಗಿಹಿಡಿದು ತಣ್ಣಗೆ ಹಾಡುತ್ತಾನೆ. ಸತ್ತವನಿಗೆ ಆವೇಗ ಯಾಕೆ? ಜಾನಿ ಕ್ಯಾಶ್, ‘ದ ಬ್ಯಾಂಡ್’ ಮುಂತಾದವರು ಮತ್ತೆ ಹಾಡಿದ್ದರಿಂದ ಹಾಡು ಲೋಕಪ್ರಸಿದ್ಧವಾಯಿತು, ಮೊದಲ ದನಿ ಮರೆಗೆ ಸರಿಯಿತು. 1964ರಲ್ಲಿ ಬಿಲ್ ಆಂಡರ್ಸನ್, ಡಾನ್ ವೇನ್ ರಚಿಸಿದ ‘ಸ್ಯಾಗಿನಾ, ಮಿಷಿಗನ್’ ಅವನ ಕೊನೆಯ ಮೊದಲ ಸ್ಥಾನದ ಹಾಡು.

ಕೊನೆಯ ಬೆಳೆ, ಮುಂದಿನ ಪೀಳಿಗೆ

1972ರ ಹೊತ್ತಿಗೆ ಕೊಲಂಬಿಯಾದ ನಂಟು ಮುಗಿದು ಅವನು ಎಬಿಸಿ ಕಂಪನಿ ಸೇರಿದ. ಗೀತಕಾರ ವೈಟಿ ಶೇಫರ್ ಜೊತೆ ಕೂತು ಬರೆದ ಹಾಡುಗಳು ಈ ಕಾಲದವು. ‘ಐ ನೆವರ್ ಗೋ ಅರೌಂಡ್ ಮಿರರ್ಸ್’ನಲ್ಲಿ ಸೋತವನೊಬ್ಬ ಕನ್ನಡಿಯಿಂದ ತಪ್ಪಿಸಿಕೊಳ್ಳುತ್ತಾನೆ. ಇಪ್ಪತ್ತರ ಹರೆಯದ ತುಂಟತನ ಹೋಗಿ, ದನಿಗೆ ವಯಸ್ಸಿನ ಮಂದ್ರ ಬಂದಿದೆ. ‘ದಟ್ಸ್ ದ ವೇ ಲವ್ ಗೋಸ್’ ಅನ್ನು ಜಾನಿ ರಾಡ್ರಿಗಸ್ 1974ರಲ್ಲಿ ಮೊದಲ ಸ್ಥಾನಕ್ಕೆ ಏರಿಸಿದ. 1975ರ ಜುಲೈ 19ರಂದು ಮೆದುಳಿನ ಆಘಾತದಿಂದ ಲೆಫ್ಟಿ ಕೊನೆಯುಸಿರೆಳೆದ. ವಯಸ್ಸು 47.

ಅವನ ಪರಂಪರೆಯ ಮುಖ್ಯ ಕೊಂಡಿ ಮರ್ಲ್ ಹ್ಯಾಗರ್ಡ್. ಬೇಕರ್ಸ್‌ಫೀಲ್ಡ್‌ನಲ್ಲಿ ಲೆಫ್ಟಿಯ ಕಾರ್ಯಕ್ರಮವಿದ್ದಾಗ ಹದಿಹರೆಯದ ಹ್ಯಾಗರ್ಡ್ ವೇದಿಕೆಯ ಹಿಂದೆ ಹಾಡುತ್ತಿದ್ದುದನ್ನು ಕೇಳಿದ ಲೆಫ್ಟಿ, ಆ ಹುಡುಗನನ್ನು ಮೊದಲು ವೇದಿಕೆಗೆ ಬಿಡಬೇಕೆಂದು ಪಟ್ಟುಹಿಡಿದ. ಹ್ಯಾಗರ್ಡ್ ಜೀವನವಿಡೀ ಆ ಋಣ ನೆನೆದ. ‘ದಟ್ಸ್ ದ ವೇ ಲವ್ ಗೋಸ್’ ಅನ್ನು ಹಾಡಿ 1984ರಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ತಂದ. ಅದಕ್ಕೆ ಗ್ರ್ಯಾಮಿಯೂ ಬಂತು. ಜಾರ್ಜ್ ಜೋನ್ಸ್ ಆರಂಭದಲ್ಲಿ ಹ್ಯಾಂಕ್, ಲೆಫ್ಟಿಯರನ್ನು ಅನುಕರಿಸಿಯೇ ಹಾಡುತ್ತಿದ್ದ. ಮುಂದೆ ತನ್ನದೇ ದನಿ ಕಂಡುಕೊಂಡ ಮೇಲೂ ಪದವನ್ನು ಹಿಂಡುವ ಕಲೆ ಉಳಿಯಿತು. ವಿಲ್ಲಿ ನೆಲ್ಸನ್ 1976ರಲ್ಲಿ ‘ಇಫ್ ಯೂವ್ ಗಾಟ್ ದ ಮನಿ’ಯನ್ನು ಮತ್ತೊಮ್ಮೆ ಮೊದಲ ಸ್ಥಾನಕ್ಕೇರಿಸಿ, ಮರುವರ್ಷ ‘ಟು ಲೆಫ್ಟಿ ಫ್ರಮ್ ವಿಲ್ಲಿ’ ಎಂಬ ಇಡೀ ಸಂಪುಟ ಅರ್ಪಿಸಿದ. 1985ರಲ್ಲಿ ಜಾರ್ಜ್ ಸ್ಟ್ರೇಟ್, ಶೇಫರ್ ಬರೆದ ‘ಲೆಫ್ಟೀಸ್ ಗಾನ್’ ಹಾಡಿದ. ನಯದ ಪಾಪ್ ಕಂಟ್ರಿಯ ವಿರುದ್ಧ 80ರ ದಶಕದಲ್ಲಿ ಎದ್ದ ಸಾಂಪ್ರದಾಯಿಕ ಚಳವಳಿಯವರಿಗೂ ಆಸರೆ ಇವನೇ: ಡ್ವೈಟ್ ಯೋಕಮ್ ‘ಆಲ್ವೇಸ್ ಲೇಟ್’ ಹಾಡಿದ, ಕೀತ್ ವಿಟ್ಲಿ 1988ರಲ್ಲಿ ಕನ್ನಡಿಯ ಹಾಡನ್ನು ಮರುಮುದ್ರಿಸಿದ.

ಸಲ್ಲಬೇಕಾದ ಪಾಲು

ಗೌರವ ಸಿಗಲೇ ಇಲ್ಲ ಎನ್ನಲಾಗದು. 1982ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡಿತು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ಅವನ ಮುದ್ರಿಕೆಗಳನ್ನೆಲ್ಲ ಕೂಡಿಸಿ ‘ಲೈಫ್ಸ್ ಲೈಕ್ ಪೊಯೆಟ್ರಿ’ ಎಂಬ 12 ಸಿ.ಡಿ.ಗಳ ಪೆಟ್ಟಿಗೆ ತಂದಿತು. ವೃತ್ತಿಯವರು ಅವನನ್ನು ಎಂದೂ ಮರೆತಿಲ್ಲ. ಮರೆತದ್ದು ಕೇಳುಗ ಸಮುದಾಯ. ಎಳೆಯ ವಯಸ್ಸಿನ ಸಾವು, ಜೈಲಿನ ವೇದಿಕೆ, ಬಂಡಾಯದ ವೇಷಭೂಷಣ ಇಂಥ ಹೇಳಲು ಸುಲಭವಾದ ಕಥೆ ಇರುವವರನ್ನು ನೆನಪು ಬೇಗ ಹಿಡಿದಿಡುತ್ತದೆ. ಒಂದು ಸ್ವರಾಕ್ಷರವನ್ನು ಹೇಗೆ ಹಿಡಿಯಬೇಕು ಎಂದು ಕಲಿಸಿದವನ ಕಥೆ ಹೇಳಲು ಬಾರದು, ಕೇಳಿಸಬೇಕು.

ಹೊಸದಾಗಿ ಕೇಳುವವರು 1951ರ ‘ಆಲ್ವೇಸ್ ಲೇಟ್’, 1959ರ ‘ಲಾಂಗ್ ಬ್ಲ್ಯಾಕ್ ವೇಲ್’, 70ರ ದಶಕದ ಕನ್ನಡಿಯ ಹಾಡು ಈ ಮೂರನ್ನು ಇದೇ ಕ್ರಮದಲ್ಲಿ ಕೇಳಬೇಕು. ಆಮೇಲೆ ಹ್ಯಾಗರ್ಡ್, ಜೋನ್ಸ್, ವಿಟ್ಲಿಯರಲ್ಲಿ ಯಾರದಾದರೂ ಒಂದು ನಿಧಾನದ ಹಾಡು ಹಾಕಬೇಕು. ಪದದ ನಡುವೆ ದನಿ ಬಾಗುವ ಜಾಗ ಬಂದಾಗ ಲೆಫ್ಟಿಯ ಪಾಲು ಎಷ್ಟೆಂದು ಕಿವಿಯೇ ಲೆಕ್ಕ ಕೊಡುತ್ತದೆ. ಕಂಟ್ರಿ ಗಾಯನದ ಚರಿತ್ರೆ ಬರೆಯುವವರು ಆ ಲೆಕ್ಕವನ್ನು ಮೊದಲ ಪುಟಗಳಲ್ಲೇ ಇಡಬೇಕು.